ಹನ್ನೆರಡನೆಯ ಕಟ್ಟು

ನಮ್ಮೂರಿನ ಮುಸ್ಸಂಜೆಗೆ ಚೂರು ತಿನ್ನುವ ಚಟ. ಹತ್ತು ಚೂರು ಸೇರಿದರೆ ಒಂದು ಪೈಸೆ. ಅಂಗೈಯ ಗೆರೆ ಕಾಣದಷ್ಟು ಕತ್ತಲಾದ ಕೂಡಲೇ ಊರಿನ ಒಂದೊಂದು ಕೈಯಲ್ಲಿ, ಒಂದೊಂದು ಚೀಲದಲ್ಲಿ, ಒಂದೊಂದು ಡಬ್ಬಿಯಲ್ಲಿ ಪೈಸೆಯ ಮೇಲೆ ಎಷ್ಟು ಚೂರು ಉಳಿದಿದೆ ಅಂತ ಅದು ನೋಡುತ್ತದೆ. ಐದೋ ಅದಕ್ಕಿಂತ ಹೆಚ್ಚೋ ಇದ್ದರೆ ಅಷ್ಟನ್ನೂ ಬೆಸೆದು ಒಂದು ಪೂರಾ ಪೈಸೆ ಮಾಡಿಟ್ಟು ಹೋಗುತ್ತದೆ. ನಾಲ್ಕೋ ಅದಕ್ಕಿಂತ ಕಡಿಮೆಯೋ ಇದ್ದರೆ ನುಂಗಿಬಿಡುತ್ತದೆ. ಅಂಗೈಗೆ ಸ್ವಲ್ಪ ತಣ್ಣಗೆ ಅನ್ನಿಸುತ್ತದೆ, ಅಷ್ಟೇ. ಸದ್ದಿಲ್ಲ, ಗದ್ದಲವಿಲ್ಲ.

ಇದರ ಬಗ್ಗೆ ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊತ್ತು ಇಳಿಯುವಾಗ ತರಕಾರಿ ಸಂತೆಗೆ ಹೋದರೆ ಗೊತ್ತಾಗುತ್ತದೆ. ಮೂರು ಚೂರು ಉಳಿದವಳು ಒಂದು ಹಿಡಿ ಕೊತ್ತಂಬರಿ ಕೊಂಡು ಕೈ ಖಾಲಿ ಮಾಡಿಕೊಳ್ಳುತ್ತಾಳೆ. ಆರು ಉಳಿದವಳು ಹಸಿಮೆಣಸಿನಕಾಯಿ ಬಿಟ್ಟಿ ಕೊಡುತ್ತೇನೆಂದರೂ ಕೈ ಬಿಚ್ಚುವುದಿಲ್ಲ. ಭಿಕ್ಷುಕರು ಹಗಲೆಲ್ಲ ನಿದ್ದೆ ಹೊಡೆದು ಆ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತಾರೆ. ಹೇಗೂ ಹೋಗುವ ಚೂರು, ಹೋಗಲಿ ತಟ್ಟೆಗೆ ಅಂತ ಜನ ಧಾರಾಳಿಗಳಾಗುತ್ತಾರೆ. ಇವೆಲ್ಲಕ್ಕಿಂತ ದೊಡ್ಡದು ಜೊತೆಗೈ. ಇಬ್ಬರು ಒಬ್ಬರ ಅಂಗೈಯ ಮೇಲೆ ಇನ್ನೊಬ್ಬರು ಅಂಗೈ ಮುಚ್ಚಿ, ಇಬ್ಬರ ಚೂರನ್ನೂ ನಡುವೆ ಇಟ್ಟುಕೊಂಡು ನಿಲ್ಲುವುದು. ನನ್ನ ನಾಲ್ಕು ಒಂಟಿಯಾಗಿದ್ದರೆ ಹೋಯಿತು. ನಿನ್ನ ನಾಲ್ಕೂ ಹಾಗೇ. ಎರಡೂ ಸೇರಿದರೆ ಎಂಟು, ಎಂಟಾದರೆ ಪೈಸೆ. ಆ ಪೈಸೆ ಇವತ್ತು ನಿನಗೆ, ನಾಳೆ ನನಗೆ. ಮದುವೆ ಮುರಿದುಕೊಂಡವರನ್ನು ನಮ್ಮೂರು ಕ್ಷಮಿಸುತ್ತದೆ. ಜೊತೆಗೈ ಮುರಿದವನಿಗೆ ಬೀಡಿಗೆ ಬೆಂಕಿ ಕೂಡ ಯಾರೂ ಕೊಡುವುದಿಲ್ಲ.

ನನ್ನ ಹೆಸರು ಕೊಟ್ರೇಶ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಬಳಪದಲ್ಲಿ ಬರೆಯುತ್ತಿದ್ದವನು ಬಳಪ ಕೊಯ್ಯಲು ಬಂದೆ. ನಮ್ಮೂರಿನ ಬೆನ್ನಿಗೇ ಬಳಪದ ಕಲ್ಲಿನ ಗುಡ್ಡ. ಗುಡ್ಡದ ಬುಡದಲ್ಲಿ ಸಾಹುಕಾರ ಬಕ್ಕೇಶಪ್ಪನ ಬಳಪದ ಅಂಗಳ. ಬೆಳಿಗ್ಗೆ ಒಬ್ಬೊಬ್ಬರ ಮುಂದೆ ಒಂದೊಂದು ಗಟ್ಟಿ ಕಲ್ಲು ಇಡುತ್ತಾರೆ. ಅದನ್ನು ಗರಗಸದಲ್ಲಿ ಹೋಳು ಮಾಡಬೇಕು, ಹೋಳನ್ನು ಕಡ್ಡಿ ಮಾಡಬೇಕು, ಕಡ್ಡಿಗಳನ್ನು ದಾರ ಸುತ್ತಿ ಕಟ್ಟು ಮಾಡಬೇಕು. ಗಟ್ಟಿಗೆ ಹನ್ನೆರಡು ಹೋಳು, ಹೋಳಿಗೆ ಒಂದು ಕಟ್ಟು, ಕಟ್ಟಿಗೆ ಏಳು ಚೂರು ಕೂಲಿ. ಹನ್ನೊಂದು ಹೋಳು ಯಾರಾದರೂ ತೆಗೆದಾರು. ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ಕಲ್ಲು ತೆಳ್ಳಗಾಗಿರುತ್ತದೆ, ಹಿಡಿಯಲು ಜಾಗ ಇರುವುದಿಲ್ಲ. ಉಸಿರು ಜೋರಾಗಿ ಬಿಟ್ಟರೂ ಚಟ್ಟನೆ ಒಡೆದು ಎರಡಾಗುತ್ತದೆ. ಕೊನೆಯ ಹೋಳು ಉಳಿಸಿಕೊಂಡವನು ಕೊಯ್ಗಾರ. ಒಡೆದುಕೊಂಡವನು ಹನ್ನೊಂದಪ್ಪ. ಇದು ಬರೀ ಅಂಗಳದ ಬೈಗುಳವಲ್ಲ, ಊರಿನ ಬೈಗುಳ. ಹುಡುಗನ ಅಪ್ಪ ಹನ್ನೊಂದಪ್ಪ ಅಂತ ಗೊತ್ತಾಗಿ ಎದ್ದುಹೋದ ಬೀಗರನ್ನು ನಾನೇ ನೋಡಿದ್ದೇನೆ.

ನಾನು ಹನ್ನೊಂದಪ್ಪ. ನನ್ನ ಕೈಗೆ ಸಿಟ್ಟು ಜಾಸ್ತಿ. ಮೊದಲ ಹೋಳಿಗೆ ಬೇಸರ, ಐದನೆಯದಕ್ಕೆ ಕಿರಿಕಿರಿ, ಹತ್ತನೆಯದಕ್ಕೆ ಅಂಗಳ, ಗುಡ್ಡ, ಸಾಹುಕಾರ ಎಲ್ಲದರ ಮೇಲೂ ಕೆಂಡ. ಕೊನೆಯ ಹೋಳು ನನ್ನ ಗರಗಸದ ಕೆಳಗೆ ಒಂದು ದಿನವೂ ಉಳಿದದ್ದಿಲ್ಲ. ನನ್ನ ಪಕ್ಕದಲ್ಲಿ ಕೂರುವ ದಾದಾಪೀರ ಆ ಚಟ್ ಅನ್ನುವ ಸದ್ದಿಗೇ ಕಾದಿದ್ದು, "ಹೊತ್ತು ಮುಣುಗ್ತು, ಎಲ್ಲಾರೂ ಮನಿಗೆ ನಡೀರಪ್ಪಾ, ಕೊಟ್ರ್ಯಾನ ಗಂಟಿ ಹೊಡೀತು" ಅಂತ ಕೂಗುತ್ತಿದ್ದ. ಅಂಗಳವೆಲ್ಲ ನಗುತ್ತಿತ್ತು.

ಎದುರಿಗೆ ಹಾಲವ್ವ ಕೂರುತ್ತಿದ್ದಳು. ನಾನು ಅವಳನ್ನು ಚಿಗವ್ವ ಅನ್ನುತ್ತೇನೆ, ರಕ್ತಸಂಬಂಧ ಏನೂ ಇಲ್ಲ. ಅವಳು ನನ್ನವ್ವನ ಜೊತೆಗೈ. ಕಲ್ಲಿನ ಪುಡಿ ಎದೆಗೆ ಕೂತು ಅವ್ವ ಸತ್ತ ದಿನ, ಮಣ್ಣು ಮಾಡಿ ಬಂದವರೆಲ್ಲ ಕೈಕಾಲು ತೊಳೆಯುತ್ತಿದ್ದಾಗ, ಹಾಲವ್ವ ನನ್ನ ಹತ್ತಿರ ಬಂದು ಕೈ ಚಾಚಿ, "ಇನ್ಮ್ಯಾಲೆ ನಿನ್ನ ಕೈನೇ ಅವಳ ಕೈ. ಇಡು" ಅಂದಳು. ಇಟ್ಟೆ. ಇಟ್ಟ ಕೈಯಲ್ಲೂ ಏನಿರಲಿಲ್ಲ, ಅವಳ ಕೈಯಲ್ಲೂ ಏನಿರಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಅಂಗಳದ ಗುಮಾಸ್ತ ಬದಲಾಗಿದ್ದ.

ಹಳೆಯ ಗುಮಾಸ್ತ ಹೊತ್ತಿರುವಾಗಲೇ ಕೂಲಿ ಕೊಡುತ್ತಿದ್ದನಂತೆ. ಹೊಸಬ, ವಾಮದೇವಪ್ಪ, ಬಹಳ ಸಭ್ಯ. ಕೂಲಿಯವರನ್ನೂ ರೀ ಅಂತಲೇ ಮಾತಾಡಿಸುವವನು. ಅವನು ಬಂದಮೇಲೆ ಕೂಲಿಯೆಲ್ಲ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಇರತೊಡಗಿತು. ಮುಸ್ಸಂಜೆ ದಾಟಿದ ಮೇಲೆ ಕಂದೀಲು ಹಚ್ಚಿ ಕಿಟಕಿ ತೆರೆಯುತ್ತಿದ್ದ. "ಹಾಲವ್ವ, ಹನ್ನೆರಡು ಕಟ್ಟು. ಎಂಟು ಪೈಸೆ ನಾಲ್ಕು ಚೂರು. ನಾಲ್ಕು ಚೂರು ಮುಸ್ಸಂಜೆ ತಿಂತು. ತಗೊಳ್ರಿ ಎಂಟು ಪೈಸೆ." ಮುಂದಿನವನು. "ಹನ್ನೆರಡು ಕಟ್ಟು. ನಾಲ್ಕು ಚೂರು ಮುಸ್ಸಂಜೆ ತಿಂತು. ಎಂಟು ಪೈಸೆ." ಹೀಗೆ ಸಾಲು ಮುಗಿಯುವವರೆಗೂ. ಎಲ್ಲರ ಚೂರೂ ಒಂದೇ ಪೆಟ್ಟಿಗೆಯಲ್ಲಿ ಬೆಚ್ಚಗೆ ಮಲಗಿತ್ತು, ಮುಸ್ಸಂಜೆ ತಿಂದರೂ ಇಡೀ ಪೆಟ್ಟಿಗೆಗೆ ಒಟ್ಟು ನಾಲ್ಕೇ ಚೂರು. ಇದು ಗುಟ್ಟೂ ಅಲ್ಲ, ಗಂಟೂ ಅಲ್ಲ. ಅಂಗಳದ ಒಬ್ಬೊಬ್ಬರಿಗೂ ಗೊತ್ತಿತ್ತು. ಕೇಳಿದರೆ, "ಹೋಗ್ಲಿ ಬಿಡಪ್ಪ, ನಾಲ್ಕು ಚೂರಿಗೆ ಯಾರು ಬಾಯಿ ಮಾಡ್ತಾರೆ" ಅನ್ನುತ್ತಿದ್ದರು.

ಒಂದು ದಿನ ನನ್ನ ಸರದಿ ಹಾಲವ್ವನ ಹಿಂದೆಯೇ ಬಂತು. ಅವಳು ಎಂಟು ಪೈಸೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ವಾಮದೇವಪ್ಪ ನನಗೆ, "ಕೊಟ್ರೇಶಪ್ಪ, ಹನ್ನೊಂದು ಕಟ್ಟು. ಏಳು ಪೈಸೆ ಏಳು ಚೂರು. ಏಳು ಚೂರು ಪೈಸೆ ಆತು. ತಗೊಳ್ರಿ ಎಂಟು ಪೈಸೆ" ಅಂದ.

ಅದೇ ಎಂಟು. ದಿನಾ ಅದೇ ಕೊಡುತ್ತಿದ್ದ, ದಿನಾ ತಗೊಂಡು ಹೋಗುತ್ತಿದ್ದೆ. ಅವತ್ತು ಮಾತ್ರ ಅವಳ ಕೈಯನ್ನೂ ನನ್ನ ಕೈಯನ್ನೂ ಒಟ್ಟಿಗೆ ನೋಡಿದೆ. ಅವಳು ಉಸಿರು ಬಿಗಿಹಿಡಿದು, ಕಣ್ಣು ಕಿರಿದು ಮಾಡಿ ಉಳಿಸಿದ ಆ ಕೊನೆಯ ಹೋಳಿಗೂ ನಾನು ಒಡೆದು ಬಿಸಾಕಿದ ಹೋಳಿಗೂ ಒಂದೇ ಬೆಲೆ. ಅವಳ ಹನ್ನೆರಡನೆಯ ಕಟ್ಟು ಸಾಹುಕಾರನಿಗೆ ಪುಕ್ಕಟೆ. ಅಂಗಳದ ಅಷ್ಟೂ ಜನರ ಹನ್ನೆರಡನೆಯ ಕಟ್ಟು ಪುಕ್ಕಟೆ. ಅದನ್ನು ಕೊಡಲಾರದ ನನ್ನಂಥವನನ್ನು ಹನ್ನೊಂದಪ್ಪ ಅಂತ ನಗುವವರು, ಅದನ್ನು ಪುಕ್ಕಟೆ ಕೊಟ್ಟು ಬರುತ್ತಿದ್ದವರು, ಇಬ್ಬರೂ ಅವರೇ! ಅವತ್ತಿನ ಎಂಟು ಪೈಸೆ ನನ್ನ ಅಂಗೈಯನ್ನು ಸುಟ್ಟಿತು. ನ್ಯಾಯವಾಗಿ ನಾನು ಕಡಿಮೆ ತಗೊಳ್ಳಬೇಕಿತ್ತು, ಇಲ್ಲ ಅವಳು ಹೆಚ್ಚು.

ಮರುದಿನ ಗರಗಸ ಕೆಳಗಿಟ್ಟು ಎದ್ದುನಿಂತೆ. "ಕೇಳ್ರಪ್ಪಾ. ಇವತ್ತಿಂದ ಯಾರೂ ಹನ್ನೆರಡನೇದು ಕೊಯ್ಯಬ್ಯಾಡ್ರಿ. ಹನ್ನೊಂದಕ್ಕೂ ಎಂಟು ಪೈಸೆ, ಹನ್ನೆರಡಕ್ಕೂ ಎಂಟು ಪೈಸೆ. ಹೊತ್ತಿರುವಾಗ ಕೂಲಿ ಕೊಡಲಿ, ನಮ್ಮ ನಾಲ್ಕು ಚೂರು ನಮ್ಮ ಕೈಗೆ ಬರಲಿ, ಆವಾಗ ಹನ್ನೆರಡು."

ದಾದಾಪೀರ, "ನೋಡ್ರಪ್ಪೋ, ನರಿ ಬಾಲ ಕಳಕೊಂಡೈತಿ, ಈಗ ಎಲ್ಲಾರೂ ಬಾಲ ಕತ್ತರಿಸ್ಕೊಳ್ರಿ ಅಂತೈತಿ" ಅಂದ. ನಕ್ಕವರ ಬಾಯಿಂದ ಕಲ್ಲಿನ ಪುಡಿ ಹಾರಿತು.

"ನಗಲೇ, ನಗು. ಪುಕ್ಕಟೆ ದುಡಿದು ಪುಕ್ಕಟೆ ನಗು."

"ಲೇ ಕೊಟ್ರ್ಯಾ, ನನ್ನ ಮಗಳನ್ನ ನೋಡಾಕೆ ಬರೋರು ಬರೋ ತಿಂಗಳು ಬರ್ತಾರ. ಮಾವ ಏನು ಮಾಡ್ತಾನೆ ಅಂದ್ರೆ ಹನ್ನೊಂದು ಕೊಯ್ತಾನೆ ಅಂತ ಹೇಳ್ಲಾ? ನಾಲ್ಕು ಚೂರಿಗೆ ಮಾನ ಮಾರ್ಕೋ ಅಂತಿಯಾ?"

ನಾನು ಹಾಲವ್ವನ ಕಡೆ ನೋಡಿದೆ. ಎಲ್ಲರೂ ನೋಡಿದರು. ಅಂಗಳದಲ್ಲಿ ಅವಳೊಬ್ಬಳು ಹೂಂ ಅಂದರೆ ಸಾಕು. ಒಂದೇ ಒಂದು ಗಟ್ಟಿಯನ್ನೂ ಒಡೆದವಳಲ್ಲ. ಹೊಸದಾಗಿ ಸೇರಿದವರು ಗರಗಸ ಹಿಡಿಯುವ ಮೊದಲು ಅವಳ ಗರಗಸ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅವಳು ತಲೆ ಎತ್ತದೆ, "ಕಲ್ಲು ಅರ್ಧಕ್ಕೆ ಬಿಟ್ಟು ಏಳಾಕೆ ನನಗೆ ಬರಂಗಿಲ್ಲೋ ತಮ್ಮಾ. ಕೈ ತಾನೇ ಹೋಗತೈತಿ. ಕೂತ್ಕೋ" ಅಂದಳು.

ಕೂತೆ. ಆದರೆ ಬಿಡಲಿಲ್ಲ. ಮರುದಿನವೂ ಹೇಳಿದೆ, ಅದರ ಮರುದಿನವೂ ಹೇಳಿದೆ. ನೀರು ಕುಡಿಯುವ ಜಾಗದಲ್ಲಿ ಹೇಳಿದೆ, ದಾರಿಯಲ್ಲಿ ಹಿಂದೆ ಬಿದ್ದು ಹೇಳಿದೆ. ಜನ ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು. ಸಾಲಿನಲ್ಲಿ ನಿಂತು ವಾಮದೇವಪ್ಪನಿಗೂ ಹೇಳಿದೆ. ಅವನು ಕಂದೀಲಿನ ಬತ್ತಿ ಏರಿಸುತ್ತ, "ನಿಮಗೇನ್ರಿ ನಷ್ಟ ಕೊಟ್ರೇಶಪ್ಪ? ನಿಮಗೆ ನಾವು ಮೂರು ಚೂರು ಹೆಚ್ಚಿಗೇನೇ ಕೊಡ್ತಾ ಬಂದೀವಿ" ಅಂದ. ಹಿಂದಿನವರೆಲ್ಲ ಮತ್ತೆ ನಕ್ಕರು. ಅವನು ಹೇಳಿದ್ದು ನಿಜ ಬೇರೆ. ನಿಜಕ್ಕೆ ಬರುವ ಸಿಟ್ಟು ಸುಳ್ಳಿಗೆ ಬರುವುದಿಲ್ಲ.

ಹೀಗಿರುವಾಗ ಅವ್ವ ಸತ್ತ ದಿನ ಬಂತು. ನಮ್ಮೂರಿನಲ್ಲಿ ಸತ್ತವರ ದಿನಕ್ಕೆ ಎಡೆ ಇಡುವುದು ಮನೆಯವರ ಕೆಲಸ, ಚೂರು ಕೂಡಿಸುವುದು ಜೊತೆಗೈಯ ಕೆಲಸ. ಖಾಲಿ ಕೈ ಆಗುವುದಿಲ್ಲ. ನಾನೂ ಹಾಲವ್ವನೂ ಇಷ್ಟು ವರ್ಷ ಆ ದಿನಕ್ಕೆ ಅಂಗಡಿಯಲ್ಲಿ ಒಂದು ಪೈಸೆ ಮುರಿಸಿ, ಅದೇ ಚೂರುಗಳನ್ನು ಮತ್ತೆ ಬೆಸೆಯುತ್ತಿದ್ದೆವು. ಆ ವರ್ಷ ಹಾಲವ್ವ, "ಮುರಿಸಿದ ಚೂರು ಅಲ್ಲ, ದುಡಿದ ಚೂರು ಬೇಕು. ನಿಮ್ಮವ್ವ ದುಡಿದ ಚೂರೇ ಇಡ್ತಿದ್ಲು. ಕೇಳಿ ನೋಡ್ತೀನಿ, ಒಂದು ದಿನ ಕೊಡಂಗಿಲ್ಲ ಅಂತಾನೇನು" ಅಂದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಕಿಟಕಿಯ ಹತ್ತಿರ ಹೋದಳು. ಹಿಂದೆ ನಾನು. ಸೆರಗು ಭುಜದ ಮೇಲೆ ಎಳೆದುಕೊಂಡು, "ಸ್ವಾಮೇರಾ, ಇವತ್ತೊಂದು ದಿನ ನನ್ನ ಚೂರು ಹೊತ್ತಿರುವಾಗಲೇ ಕೊಡ್ರಿ. ನನ್ನ ಜೊತೆಗೈಯ ದಿನ ಐತಿ. ಪೈಸೆ ಆಮ್ಯಾಲೆ ಕೊಟ್ರೂ ನಡೀತೈತಿ. ನಾಲ್ಕು ಚೂರು ಸಾಕು" ಅಂದಳು.

ವಾಮದೇವಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಬೈಯಲಿಲ್ಲ, ಗದರಲಿಲ್ಲ. ನಗುನಗುತ್ತಲೇ ಅಂದ: "ಹಾಲವ್ವಾ, ನಾಲ್ಕು ಚೂರು ಯಾವ ಲೆಕ್ಕದ್ದು? ಹನ್ನೊಂದು ಕಟ್ಟಿಗೇ ನಿಮ್ಮ ಎಂಟು ಪೈಸೆ ಮುಗೀತು. ಆ ಹನ್ನೆರಡನೇದು ನೀವು ನಿಮ್ಮ ಕೈ ಚಪಲಕ್ಕೆ ಕೊಯ್ಯೋದು. ನಾವು ಕೊಯ್ರಿ ಅಂದೀವೇನು? ಚಪಲಕ್ಕೆಲ್ಲ ಕೂಲಿ ಕೊಡ್ತಾ ಕೂತ್ರೆ ಸಾಹುಕಾರರು ಅಂಗಳ ನಡೆಸಿದಂಗೇ."

ನಾನು ಕಿಟಕಿಯ ಸರಳಿಗೆ ಕೈ ಹಾಕಿದೆ. ಹಾಲವ್ವ ನನ್ನ ಮುಂಗೈ ಹಿಡಿದಳು. ಕಲ್ಲು ಹಿಡಿದ ಕೈ, ಬಿಡಿಸಿಕೊಳ್ಳಲು ಆಗುವುದಿಲ್ಲ. "ಚಪಲ ಅಂದ್ರಾ?" ಅಂತ ಕೇಳಿದಳು, ಸರಿಯಾಗಿ ಕೇಳಿಸಲಿಲ್ಲ ಅನ್ನುವವರ ಹಾಗೆ.

"ಮತ್ತೇನವ್ವಾ?"

"ಆತು ಬಿಡ್ರಿ" ಅಂದಳು.

ಅವತ್ತು ಸಂಜೆ ಅವ್ವನ ಹೆಸರಲ್ಲಿ ನಾವು ಚೂರು ಕೂಡಿಸಲಿಲ್ಲ. ಮುರಿಸೋಣ ಅಂತ ನಾನು ಪೈಸೆ ತೆಗೆದರೆ ಹಾಲವ್ವ ಬೇಡ ಅಂದಳು. "ಬಾಕಿ ಇರಲಿ. ದುಡಿದದ್ದು ಕೈಗೆ ಬಂದ ದಿನ ತೀರಿಸೋಣ."

ಮರುದಿನ ಅಂಗಳದಲ್ಲಿ ಅವಳು ಎಂದಿನಂತೆ ಗಟ್ಟಿಯ ಮೈ ಸವರಿ, ಉಕ್ಕಿನ ಕಡ್ಡಿಯಿಂದ ಗೆರೆ ಹಾಕಿ ಕೂತಳು. ಹೊತ್ತು ಇಳಿಯುವ ಹೊತ್ತಿಗೆ ಹನ್ನೊಂದು ಕಟ್ಟು ದಾರ ಸುತ್ತಿಸಿಕೊಂಡು ಪಕ್ಕದಲ್ಲಿ ಸಾಲಾಗಿ ಮಲಗಿದ್ದವು. ಹನ್ನೆರಡನೆಯ ಹೋಳು ಉಳಿದಿತ್ತು. ಅವಳು ಗರಗಸ ಎತ್ತಲಿಲ್ಲ. ಆ ಹೋಳನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದಳು. ಮೂಲೆ ನೇರ ಮಾಡಿದಳು, ಅಂಚು ನಯ ಮಾಡಿದಳು. ಕಾಗದದಷ್ಟು ಸಮನಾದ, ಒಂದು ಬಿರುಕಿಲ್ಲದ ಹೋಳು. ಅದರ ಮೇಲೆ ಕಡ್ಡಿಗಳಿಗೆ ಬೇಕಾದ ಗೆರೆಗಳನ್ನೆಲ್ಲ ಎಳೆದಳು. ಆಮೇಲೆ ಅದನ್ನು ಕೊಯ್ಯದೆ, ಎಲ್ಲರಿಗೂ ಕಾಣುವ ಹಾಗೆ ತನ್ನ ಮುಂದಿನ ಕಲ್ಲಿಗೆ ಆನಿಸಿ ನಿಲ್ಲಿಸಿದಳು. ಕೈ ಝಾಡಿಸಿಕೊಂಡು ಎದ್ದಳು.

ದಾದಾಪೀರ ತನ್ನ ಕೊನೆಯ ಹೋಳಿನ ನಡುವೆ ಇದ್ದ. ಬಾಯಿ ತೆರೆದುಕೊಂಡು, "ಅಕ್ಕಾ, ಏನಿದು?" ಅಂದ.

"ಇದು ನನ್ನ ಚಪಲ. ಇಲ್ಲೇ ಇರಲಿ."

"ಕೊಯ್ಯಂಗಿಲ್ಲಾ?"

"ಕೊಯ್ಯಾಕೆ ಬರ್ತೈತಿ. ಅದಕ್ಕೇ ಕೊಯ್ಯಂಗಿಲ್ಲ."

ದಾದಾಪೀರ ಆ ಹೋಳನ್ನು ನೋಡಿದ, ತನ್ನ ಗರಗಸ ನೋಡಿದ, ನನ್ನನ್ನು ನೋಡಿದ. ಗರಗಸವನ್ನು ನಿಧಾನವಾಗಿ ಕಲ್ಲಿನಿಂದ ಹೊರಗೆ ಎಳೆದ. "ಅಳಿಯನ ಕಡೇರು ಬಂದಾಗ ಈ ಕಲ್ಲೇ ತೋರಿಸ್ತೀನಿ ಹೋಗತ್ತಾಗೆ" ಅಂದ.

ನಾನು ವಾರಗಟ್ಟಲೆ ಗಂಟಲು ಹರಿದುಕೊಂಡರೂ ಆಗದ್ದು, ಆ ಒಂದು ಹೋಳಿನಿಂದ ಆಯಿತು. ಒಡೆದರೆ ಅವಮಾನ, ಬಿಟ್ಟರೆ ಅಲ್ಲ. ಇಷ್ಟು ದಿನ ಹನ್ನೊಂದು ಅಂದರೆ ಒಡೆದದ್ದು ಅಂತ ಮಾತ್ರ ಜನರಿಗೆ ಗೊತ್ತಿತ್ತು. ಈಗ ಒಬ್ಬೊಬ್ಬರ ಮುಂದೆಯೂ ಒಂದೊಂದು ನಯವಾದ ಹೋಳು ನಿಂತಿತು. ಯಾರದ್ದು ಹೆಚ್ಚು ನಯ ಅಂತ ಪೈಪೋಟಿ ಬೇರೆ ಶುರುವಾಯಿತು. ನನ್ನ ಮುಂದೆ ಮಾತ್ರ ಒಡೆದ ಎರಡು ತುಂಡು. ನಾನು ಅವನ್ನೇ ಜೋಡಿಸಿ ನಿಲ್ಲಿಸುತ್ತಿದ್ದೆ. ಗಾಳಿ ಬಂದರೆ ಬೀಳುತ್ತಿದ್ದವು.

ಸಾಹುಕಾರನಿಗೆ ಬಿಸಿ ಬೇಗನೇ ತಟ್ಟಿತು. ಬಳಪದ ಪೆಟ್ಟಿಗೆಗೆ ಹನ್ನೆರಡು ಗೂಡು. ಒಂದೊಂದು ಗಟ್ಟಿಯ ಬಣ್ಣ ಒಂದೊಂದು ತರ ಇರುವುದರಿಂದ ಒಂದು ಪೆಟ್ಟಿಗೆಗೆ ಒಂದೇ ಗಟ್ಟಿಯ ಕಟ್ಟುಗಳನ್ನು ತುಂಬಬೇಕು. ಇಷ್ಟು ದಿನ ನನ್ನಂಥ ಒಬ್ಬಿಬ್ಬರ ಕೊರತೆ ಪೆಟ್ಟಿಗೆ ಹೇಗೋ ಸಾಗುತ್ತಿತ್ತು; ಈಗ ಅಷ್ಟೂ ಪೆಟ್ಟಿಗೆಯಲ್ಲಿ ಒಂದು ಗೂಡು ಖಾಲಿ, ಅವನ್ನು ಹೊರಗಿನ ವ್ಯಾಪಾರಿಗಳು ಗಾಡಿಗೆ ಏರಿಸಲೇ ಇಲ್ಲ. ಪೆಟ್ಟಿಗೆಗಳು ಗೋಡೆಯ ಪಕ್ಕ ಪೇರಿಕೊಂಡು ಕಿಟಕಿಯವರೆಗೆ ಬಂದವು. ಒಂದು ಸಂಜೆ ವಾಮದೇವಪ್ಪ ಕಂದೀಲು ಹಚ್ಚಿದಾಗ ಅವನ ಮುಖದಲ್ಲಿ ಎಂದಿನ ನಗು ಇರಲಿಲ್ಲ. "ಹಾಲವ್ವ, ಹನ್ನೊಂದು ಕಟ್ಟು. ಏಳು ಪೈಸೆ ಏಳು ಚೂರು. ಏಳು ಚೂರೂ ಮುಸ್ಸಂಜೆ ತಿಂತು. ತಗೊಳ್ರಿ ಏಳು ಪೈಸೆ."

ಅಂಗಳದಲ್ಲಿ ಮೋಸ ನೋಡಿದ್ದೆವು, ಇಂಥ ಮಾತು ಕೇಳಿರಲಿಲ್ಲ. ಮುಸ್ಸಂಜೆ ಏಳು ತಿಂತು ಅಂದರೆ ಏನರ್ಥ? ನಾನು ಮುಂದೆ ನುಗ್ಗಿದೆ. "ಲೇ ಗುಮಾಸ್ತಾ, ನಿನ್ನ..." ಅನ್ನುವಷ್ಟರಲ್ಲಿ ಹಾಲವ್ವನ ಮೊಣಕೈ ನನ್ನ ಎದೆಗೆ ಬಿತ್ತು.

"ಸುಮ್ನಿರು. ನೀ ಬೈದ್ರೆ ಅವನು ಬೈಸ್ಕೊಂಡೋನು ಆಗ್ತಾನೆ." ಆಮೇಲೆ ಕಿಟಕಿಗೆ ತಿರುಗಿ, "ಸ್ವಾಮೇರಾ, ಏಳು ತಿಂತು ಅಂದ್ರಲ್ಲಾ, ಖರೇನಾ?"

"ಖರೇ ಅವ್ವಾ. ನಾನೇನು ಮಾಡ್ಲಿ?"

"ನೀವೇನು ಮಾಡ್ತೀರಿ, ಪಾಪ. ಇದು ಊರಿಗೆ ಗೊತ್ತಾಗಬೇಕು. ನಮ್ಮ ಕೂಲಿ ಇವತ್ತು ನಿಮ್ಮಲ್ಲೇ ಇರಲಿ."

ಯಾರೂ ಕೂಲಿ ಮುಟ್ಟಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸಿಕ್ಕ ಸಿಕ್ಕ ಅಂಗಡಿಯ ಮುಂದೆ ನಿಂತು ಹಾಲವ್ವ ಒಂದೇ ಮಾತು ಹೇಳಿದಳು: "ಮುಸ್ಸಂಜೆ ಈಗ ಏಳನ್ನೂ ತಿಂತೈತಂತೆ. ಬಳಪದ ಅಂಗಳದ ಗುಮಾಸ್ತರು ಹೇಳಿದ್ರು." ಬೈಯಲಿಲ್ಲ, ಅಳಲಿಲ್ಲ. ಮಳೆ ಬರಂಗೈತಿ ಅಂತ ಹೇಳಿದ ಹಾಗೆ ಹೇಳಿ ಮುಂದಕ್ಕೆ ಹೋದಳು. ನಾನೂ ದಾದಾಪೀರನೂ ಬೇರೆ ಬೀದಿಗಳನ್ನು ಹಿಡಿದೆವು. ಬೈಯದೇ ಹೇಳಲು ನನಗೆ ಆದ ಕಷ್ಟ ಅಷ್ಟಿಷ್ಟಲ್ಲ.

ಬೆಳಗಾಗುವಷ್ಟರಲ್ಲಿ ಊರು ತಲೆಕೆಳಗು. ತರಕಾರಿಯವಳು ಚೂರು ಮುಟ್ಟಲ್ಲ, ಪೂರಾ ಪೈಸೆ ಕೊಟ್ಟರೆ ಮಾತ್ರ ಬದನೆಕಾಯಿ ಅಂದಳು. ಹಾಲಿನವನು ಹಾಗೇ ವಾಪಸು ಹೋದ. ಆರು, ಏಳು, ಎಂಟು ಚೂರಿನ ಧೈರ್ಯದ ಮೇಲೆ ನಡೆಯುತ್ತಿದ್ದ ಊರು ನಮ್ಮದು. ಎರಡು ಮನೆಗಳಲ್ಲಿ ಜೊತೆಗೈ ಜಗಳ ಆಯಿತು, ಇಬ್ಬರ ಚೂರು ಸೇರಿಸಿ ಇನ್ನೇನು ಪ್ರಯೋಜನ ಅಂತ. ಭಿಕ್ಷುಕರು ಕೂಡ ತಟ್ಟೆ ಮಗುಚಿಟ್ಟು ಬಂದರು. ಹೊತ್ತು ಇಳಿಯುವಷ್ಟರಲ್ಲಿ ಊರಿಗೆ ಊರೇ ಬಳಪದ ಅಂಗಳದ ಬಾಗಿಲಲ್ಲಿತ್ತು. ಸಾಹುಕಾರ ಬಕ್ಕೇಶಪ್ಪ, ವರ್ಷಕ್ಕೊಮ್ಮೆ ಮುಖ ತೋರಿಸುವ ಮನುಷ್ಯ, ಪಂಚೆ ಎತ್ತಿ ಹಿಡಿದುಕೊಂಡು ಓಡಿಬಂದ. ಅವನಿಗೆ ಕಿರಾಣಿ ಅಂಗಡಿಯೂ ಇತ್ತು, ಬೆಳಿಗ್ಗೆಯಿಂದ ಅಲ್ಲಿ ಒಬ್ಬ ಗಿರಾಕಿ ಇರಲಿಲ್ಲ.

"ಯಾರು ಹೇಳಿದ್ದು ಏಳು ತಿಂತೈತಿ ಅಂತ?" ಅಂತ ಗುಡುಗಿದ.

ಎಲ್ಲರೂ ವಾಮದೇವಪ್ಪನನ್ನು ನೋಡಿದರು. ಅವನು ಎಲೆ ಅಡಿಕೆ ನುಂಗಿ, "ಕೆಲವೊಂದು ಸಲ, ಕಬ್ಬಿಣದ ಪೆಟ್ಟಿಗೆ ತಂಪಿಗೆ..." ಅಂತ ಶುರುಮಾಡಿದ.

"ಜಗಳ ಯಾಕ್ರಿ ಸಾಹುಕಾರ್ರೇ" ಅಂದಳು ಹಾಲವ್ವ. "ಕಣ್ಣಾರೆ ನೋಡಿಬಿಡೋಣ. ನಾವು ಅಷ್ಟೂ ಜನ ಇವತ್ತೂ ಹನ್ನೊಂದೇ ಕೊಯ್ದೀವಿ. ಅಂಗಳದ ನಡುವೆ ಹಲಗೆ ಇಡ್ರಿ. ಒಬ್ಬೊಬ್ಬರ ಕೂಲಿ ಬ್ಯಾರೆ ಬ್ಯಾರೆ ಇಡ್ರಿ, ಪೈಸೆ ಪೈಸೆ, ಚೂರು ಚೂರು. ಊರೆಲ್ಲ ಐತಿ. ಮುಸ್ಸಂಜೆ ಬಂದು ಏನು ಮಾಡ್ತೈತಿ, ಎಲ್ಲಾರೂ ನೋಡ್ಲಿ."

ಜನ ಹೌದು ಹೌದು ಅಂದರು. ಸಾಹುಕಾರ, "ಇಡಯ್ಯಾ, ಬೇಗ ಇಡು, ನಿನ್ನಿ ಅವರಿಗೆ ಕೊಡದೇ ಇದ್ದ ಪೈಸೇನೂ ಇಡು" ಅಂತ ಗುಮಾಸ್ತನ ಬೆನ್ನಿಗೆ ಗುದ್ದುವುದೊಂದು ಬಾಕಿ. ಉದ್ದದ ಹಲಗೆ ಬಂತು. ಕಬ್ಬಿಣದ ಪೆಟ್ಟಿಗೆ ಮೊದಲನೇ ಸಲ ಬಿಸಿಲಿಗೆ ಬಂತು. ವಾಮದೇವಪ್ಪ ಬೆವರು ಒರೆಸಿಕೊಳ್ಳುತ್ತ ಹೆಸರು ಕೂಗಿ ಕೂಗಿ ರಾಶಿ ಇಟ್ಟ. ಪೈಸೆಯ ಪಕ್ಕದಲ್ಲಿ ಏಳೇಳು ಚೂರು, ಬಿಳಿ ಹಲಗೆಯ ಮೇಲೆ ಇರುವೆ ಸಾಲಿನ ಹಾಗೆ. ನಾನು ಆಕಾಶ ನೋಡಿದೆ. ಗುಡ್ಡದ ಮೇಲೆ ಹೊತ್ತು ಇನ್ನೂ ಒಂದು ಗೇಣು ಇತ್ತು. ಮುಸ್ಸಂಜೆ ಬಂದು ಆ ಏಳನ್ನೆಲ್ಲ ಪೈಸೆ ಮಾಡಿ ಇವನ ಮುಖಕ್ಕೆ ಬಡಿಯುವುದನ್ನು ನೋಡಬೇಕು ಅಂತ ಹಲ್ಲು ಕಚ್ಚಿಕೊಂಡು ಕಾದೆ.

ಹಾಲವ್ವ ಕಾಯಲಿಲ್ಲ. ಕೊನೆಯ ರಾಶಿ ಇಟ್ಟದ್ದೇ ತಡ, ಮುಂದೆ ಹೋಗಿ ತನ್ನ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿಕೊಂಡಳು. "ಕೂಲಿ ಬಂತು. ತಗೊಂಡು ನಡೀರಿ" ಅಂದಳು.

"ಏ, ಏ, ಹಾಲವ್ವಾ! ಪರೀಕ್ಷೆ ಆಗಬೇಕಲ್ಲ!" ಅಂತ ವಾಮದೇವಪ್ಪ ಕೂಗಿದ.

"ಆಗ್ಲಿ ಬಿಡ್ರಿ. ನಮ್ಮ ಕೈಯಾಗೂ ಅದೇ ಮುಸ್ಸಂಜೆ ಬರ್ತೈತಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ದಾದಾಪೀರ ಕೇಕೆ ಹಾಕಿದ. ಹೊತ್ತಿರುವಾಗಲೇ ಕೂಲಿ! ಕೇಳಿ, ಬೇಡಿ, ಬೈದು ಸಿಗದ್ದು ಗುಮಾಸ್ತ ತನ್ನ ಕೈಯಾರೆ ಹಲಗೆಯ ಮೇಲೆ ಹರವಿದ್ದ. ಜನ ನುಗ್ಗಿದರು. ತಮ್ಮ ತಮ್ಮ ರಾಶಿ ಎತ್ತಿಕೊಂಡರು. ಒಬ್ಬರ ಒಂದು ಚೂರನ್ನೂ ಇನ್ನೊಬ್ಬರು ಮುಟ್ಟಲಿಲ್ಲ. ಹಲಗೆ ಖಾಲಿಯಾಗುವ ಹೊತ್ತಿಗೂ ಗುಡ್ಡದ ಮೇಲೆ ಬಿಸಿಲಿತ್ತು. ಆಮೇಲೆ ಕತ್ತಲಾದಾಗ ಊರಿನವರು ನಮ್ಮ ಸುತ್ತ ಮುತ್ತಿ, ಅಂಗೈ ಬಿಚ್ಚಿಸಿ ಬಿಚ್ಚಿಸಿ ನೋಡಿದರು. ಏಳಿದ್ದಲ್ಲೆಲ್ಲ ಪೈಸೆ. ತರಕಾರಿಯವಳು ವಾಮದೇವಪ್ಪನಿಗೆ ಅಂದ ಮಾತನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಆದರೆ ಕತ್ತಲಾಗುವುದಕ್ಕೆ ಮೊದಲು, ನಾವು ಬಾಗಿಲು ದಾಟುವಾಗ ಸಾಹುಕಾರ ಅಡ್ಡ ಬಂದು ನಿಂತಿದ್ದ. ಅವನ ಕಣ್ಣು ಗೋಡೆಯ ಪಕ್ಕದ ಪೆಟ್ಟಿಗೆಗಳ ಮೇಲೆ. "ಆತಲ್ಲವ್ವಾ, ಕೂಲಿ ಮುಟ್ತಲ್ಲ. ನಾಳಿಂದ ಹನ್ನೆರಡು ತಾನೇ?"

ಹಾಲವ್ವ ಸೆರಗಿಗೆ ಚೂರು ಗಂಟು ಹಾಕುತ್ತಿದ್ದಳು. ಗಂಟು ಬಿಗಿದು ತಲೆ ಎತ್ತಿದಳು. "ಹೊತ್ತಿರುವಾಗ ಹಲಗೆ ಮ್ಯಾಲೆ ಕೂಲಿ ಇದ್ರೆ ಹನ್ನೆರಡು ಸಾಹುಕಾರ್ರೇ. ಇಲ್ಲಂದ್ರೆ ಹನ್ನೊಂದು. ನಮಗೆ ಎರಡೂ ಬರ್ತೈತಿ."

ನಡೆದಳು. ಹಿಂದೆ ಎಲ್ಲರೂ ನಡೆದರು. ನಾನೂ ಎದೆ ಉಬ್ಬಿಸಿಕೊಂಡು ಸಾಹುಕಾರನ ಮುಂದೆ ಹಾದು, "ಎರಡೂ ಬರ್ತೈತಿ" ಅಂತ ಅವನ ಮುಖಕ್ಕೇ ಹೇಳಿದೆ.

ದಾದಾಪೀರ ಹ್ಹೆ ಅಂತ ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದ. "ನಿನಗೆಲ್ಲಿ ಬರ್ತೈತಲೇ ಎರಡು? ನಾವು ಬಿಟ್ರೆ ಸಾಹುಕಾರಗೆ ನಷ್ಟ. ನೀ ಬಿಟ್ರೆ ಯಾರಿಗ್ಲೇ? ಒಡೆದದ್ದನ್ನ ಬಿಟ್ಟೆ ಅಂತಾರೇನು?"

ಹೊಡೆಯಬೇಕು ಅನ್ನಿಸಿತು. ಹೊಡೆಯಲು ಕೈ ಎತ್ತಿದೆ ಕೂಡ. ಆದರೆ ಅವನು ಹೇಳಿದ್ದು ಸರಿಯಾಗಿತ್ತು. ನಾಳೆ ವಾಮದೇವಪ್ಪ ಮತ್ತೆ ಕಂದೀಲು ಹಚ್ಚಿದರೆ, ಅಥವಾ ಅವನಿಗಿಂತ ಸಭ್ಯನಾದ ಇನ್ನೊಬ್ಬ ಬಂದು ಕೂತರೆ, ಅಂಗಳದವರೆಲ್ಲ ಒಂದೊಂದು ನಯವಾದ ಹೋಳು ಎತ್ತಿ ನಿಲ್ಲಿಸುತ್ತಾರೆ. ನನ್ನ ಮುಂದೆ ಮತ್ತೆ ಎರಡು ತುಂಡು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಳಕ್ಕೆ ಹೋದೆ. ನನ್ನ ಗಟ್ಟಿಯನ್ನು ಹೊತ್ತುಕೊಂಡು ಹೋಗಿ ಹಾಲವ್ವನ ಜಾಗದ ಪಕ್ಕದಲ್ಲೇ ಇಟ್ಟುಕೊಂಡೆ. ಅವಳು ಬಂದು, ನೋಡಿ, ಕೂತು ಗೆರೆ ಹಾಕತೊಡಗಿದಳು. ಮೊದಲ ಹೋಳಿಗೆ ಬೇಸರ ಬಂತು, ಐದನೆಯದಕ್ಕೆ ಕಿರಿಕಿರಿ, ಹತ್ತನೆಯದಕ್ಕೆ ಕೆಂಡ. ಬರಲಿ ಅಂತ ಬಿಟ್ಟೆ. ಕೆಂಡ ಎದೆಯಲ್ಲಿ ಇರಲಿ, ಮೊಣಕೈಯಿಂದ ಕೆಳಗೆ ಇಳಿಯಬಾರದು. ಹನ್ನೊಂದು ಕಟ್ಟು ಮುಗಿಯಿತು. ಅವ್ವನ ಬಾಕಿ ಇನ್ನೂ ಇತ್ತು: ಹಾಲವ್ವನ ನಾಲ್ಕು ಚೂರು, ನನ್ನ ನಾಲ್ಕು ಚೂರು. ತೆಳ್ಳಗಿನ ಕೊನೆಯ ಹೋಳು ಎರಡು ಬೆರಳುಗಳ ನಡುವೆ ಉಳಿಯಿತು.

"ಚಿಗವ್ವಾ, ಎಲ್ಲಿ ಹಿಡೀಬೇಕು?"

ಅವಳು ನನ್ನ ಬೆರಳುಗಳನ್ನು ಸ್ವಲ್ಪ ಕೆಳಕ್ಕೆ ಸರಿಸಿದಳು. "ಉಸಿರು ಹಿಡಿ" ಅಂದಳು. ಸುತ್ತಲೂ ಗರಗಸಗಳ ಸದ್ದು ಒಂದೊಂದಾಗಿ ನಿಂತಿತು. ದಾದಾಪೀರ ಗಂಟೆ ಹೊಡೆಯಲು ಬಾಯಿ ತೆರೆದುಕೊಂಡು ಕೂತಿದ್ದ.

ಉಸಿರು ಹಿಡಿದೆ. ಗರಗಸ ಇಟ್ಟೆ.